ಸರ್ವಮಾನ್ಯದ ಬೆಲೆ

ನಮ್ಮ ಶಾಸನಗಳನ್ನು ಓದುವವರಿಗೆ ‘ಸರ್ವಮಾನ್ಯ’ ಎಂಬ ಮಾತು ಚಿರಪರಿಚಿತವಾದದ್ದು. ಅರಸನು ದೇವಾಲಯಕ್ಕೋ ಮಠಕ್ಕೋ ಅಗ್ರಹಾರಕ್ಕೋ ಭೂಮಿಯನ್ನು ಧಾರೆಯೆರೆದು ಕೊಡುವಾಗ, ಆ ಭೂಮಿಯಿಂದ ತನಗೆ ಸಲ್ಲಬೇಕಾದ ತೆರಿಗೆಗಳನ್ನು ಬಿಟ್ಟುಕೊಟ್ಟು, ಅದು ಸರ್ವಮಾನ್ಯವಾಗಿ, ಸರ್ವಬಾಧಾಪರಿಹಾರವಾಗಿ ನಡೆಯತಕ್ಕದ್ದೆಂದು ಕಲ್ಲಿನಲ್ಲಿ ಬರೆಸುತ್ತಿದ್ದನು. ಈ ಧರ್ಮವನ್ನು ಕಾಪಾಡಿದವರಿಗೆ ಪುಣ್ಯವನ್ನೂ ಅಳಿದವರಿಗೆ ಘೋರವಾದ ಶಾಪವನ್ನೂ ಹೇಳಿ ಶಾಸನ ಮುಗಿಯುತ್ತಿತ್ತು. ನಾನು ಎಂ.ಎ. ತರಗತಿಗಳಿಗೆ ಶಾಸನಪಾಠ ಹೇಳುತ್ತಿದ್ದ ವರ್ಷಗಳಲ್ಲಿ ವಿದ್ಯಾರ್ಥಿಗಳಿಂದ ಮತ್ತೆ ಮತ್ತೆ ಬರುತ್ತಿದ್ದ ಪ್ರಶ್ನೆಯೊಂದಿತ್ತು: ಇಷ್ಟನ್ನು ಬಿಟ್ಟುಕೊಟ್ಟ ಅರಸನಿಗೆ ಬದಲಾಗಿ ದೊರೆತದ್ದೇನು? ಪುಣ್ಯ ಎಂದು ಶಾಸನ ಹೇಳುತ್ತದೆ. ಕೀರ್ತಿ, ವಿದ್ಯಾಪೋಷಣೆ, ಪ್ರಜೆಗಳ ನಿಷ್ಠೆ ಎಂದು ಇತಿಹಾಸಕಾರರು ಸೇರಿಸುತ್ತಾರೆ. ತೆರಿಗೆ ಬಿಟ್ಟ ಅರಸನನ್ನು ಆ ಮಠದ ಗುರು ಎಲ್ಲರೆದುರಿಗೆ ಆಕ್ಷೇಪಿಸಬಹುದಾಗಿತ್ತೆ ಎಂಬ ಪ್ರಶ್ನೆಗೆ ಮಾತ್ರ ಕಲ್ಲು ಉತ್ತರ ಕೊಡುವುದಿಲ್ಲ.

ಅರಸರೇ ಇಲ್ಲದ ಒಂದು ದೇಶ ಈ ಪ್ರಶ್ನೆಯನ್ನು ಬಾಯಿಬಿಟ್ಟು ಕೇಳಿಕೊಂಡಿತು. ಅದಕ್ಕೆ ಕಾನೂನಿನ ಭಾಷೆಯಲ್ಲಿ ಉತ್ತರವನ್ನೂ ಬರೆದುಕೊಂಡಿತು. ಅದು ಅಮೆರಿಕದ ಸಂಯುಕ್ತ ಸಂಸ್ಥಾನ. ಅಲ್ಲಿನ ವರಮಾನ ತೆರಿಗೆಯ ಸಂಹಿತೆಯಲ್ಲಿ 501ನೆಯ ಪ್ರಕರಣವೆಂಬುದೊಂದಿದೆ. ಅದರ ‘ಸಿ’ ಭಾಗದ 3ನೆಯ ಬಾಬು ಧರ್ಮಸಂಸ್ಥೆಗಳಿಗೂ ವಿದ್ಯಾಸಂಸ್ಥೆಗಳಿಗೂ ದತ್ತಿಗಳಿಗೂ ತೆರಿಗೆಯ ವಿನಾಯಿತಿ ಕೊಡುತ್ತದೆ. ಈ ವಿನಾಯಿತಿಗೆ ಎರಡು ಮುಖ. ಸಂಸ್ಥೆಯ ವರಮಾನಕ್ಕೆ ತೆರಿಗೆಯಿಲ್ಲ ಎಂಬುದು ಒಂದು. ಸಂಸ್ಥೆಗೆ ದಾನ ಕೊಟ್ಟವನು ಆ ಮೊತ್ತವನ್ನು ತನ್ನ ವರಮಾನದ ಲೆಕ್ಕದಿಂದ ಕಳೆದುಕೊಳ್ಳಬಹುದು ಎಂಬುದು ಇನ್ನೊಂದು. ಇದಕ್ಕೆ ಪ್ರತಿಯಾಗಿ 1954ರಲ್ಲಿ ಒಂದು ಕಟ್ಟು ಬಂದಿತು: ಚುನಾವಣೆಗೆ ನಿಂತ ಅಭ್ಯರ್ಥಿಯ ಪರವಾಗಿ ಈ ಸಂಸ್ಥೆಗಳು ಪ್ರಚಾರದಲ್ಲಿ ಕೈಹಾಕಕೂಡದು. ವಿರೋಧವಾಗಿಯೂ ಕೂಡದೆಂಬುದನ್ನು 1987ರ ತಿದ್ದುಪಡಿ ಅಕ್ಷರಶಃ ಸ್ಪಷ್ಟಪಡಿಸಿತು. ಈ ಕಟ್ಟಿನ ಕಥೆಯೇ ನನ್ನ ಇಂದಿನ ವಿಷಯ.

ಮೊದಲು ಆ ದೇಶದ ಪ್ರಸಂಗಪೀಠದ ಹಳೆಯ ಸಂಪ್ರದಾಯವನ್ನು ನೋಡಬೇಕು. ನಮ್ಮ ಕ್ರೈಸ್ತ ಬಂಧುಗಳು ‘ಪ್ರಸಂಗ’ ಎಂದು ಕರೆಯುವ ಭಾನುವಾರದ ಉಪದೇಶ ಅಮೆರಿಕದಲ್ಲಿ ಎಂದೂ ರಾಜಕೀಯದಿಂದ ದೂರವಿದ್ದುದಲ್ಲ. ಮ್ಯಾಸಚೂಸೆಟ್ಸ್ ವಸಾಹತಿನಲ್ಲಿ 1634ರಿಂದ ‘ಚುನಾವಣಾ ಪ್ರಸಂಗ’ ಎಂಬ ಪದ್ಧತಿಯೇ ಇತ್ತು. ಹೊಸದಾಗಿ ಆಯ್ಕೆಯಾಗುವ ಅಧಿಕಾರಿಗಳ ಮುಂದೆ ಒಬ್ಬ ಸಭಾಪಾಲಕರು ನಿಂತು, ಆಳುವವರ ಕರ್ತವ್ಯವೇನು, ಆಳಿಸಿಕೊಳ್ಳುವವರ ಹಕ್ಕೇನು ಎಂದು ವಿವರಿಸುತ್ತಿದ್ದರು. ಎರಡೂವರೆ ಶತಮಾನ ನಡೆದ ಈ ಪದ್ಧತಿ 1884ರಲ್ಲಿ ನಿಂತಿತು. 1750ರಲ್ಲಿ, ಇಂಗ್ಲೆಂಡಿನ ದೊರೆ ಮೊದಲನೆಯ ಚಾರ್ಲ್ಸನ ಶಿರಚ್ಛೇದದ ವಾರ್ಷಿಕ ದಿನದ ಸಂದರ್ಭದಲ್ಲಿ, ಬಾಸ್ಟನ್ನಿನ ಜೊನಾಥನ್ ಮೇಹ್ಯೂ ಎಂಬ ಸಭಾಪಾಲಕರು ಪ್ರಜೆಯ ವಿಧೇಯತೆಗೆ ಮೇರೆಯಿದೆಯೆಂದೂ ಪ್ರಜಾಹಿತವನ್ನು ಮರೆತ ದೊರೆಯನ್ನು ಎದುರಿಸುವುದು ಪಾಪವಲ್ಲವೆಂದೂ ಪ್ರತಿಪಾದಿಸಿದರು. ಅಚ್ಚಾಗಿ ಹರಡಿದ ಆ ಪ್ರಸಂಗವನ್ನು ಸ್ವಾತಂತ್ರ್ಯಸಮರದ ನಾಯಕರು ಮುಪ್ಪಿನಲ್ಲಿಯೂ ನೆನೆದರು. 1776ರ ಸ್ವಾತಂತ್ರ್ಯಘೋಷಣೆಗೆ ಸಹಿ ಹಾಕಿದವರಲ್ಲಿ ಜಾನ್ ವಿದರ್‌ಸ್ಪೂನ್ ಎಂಬ ಸಭಾಪಾಲಕರೂ ಒಬ್ಬರು.

ಆದರೆ ಅದೇ ತಲೆಮಾರಿನವರಿಗೆ ಪೀಠದ ಭಯವೂ ಇತ್ತು. 1777ರ ನ್ಯೂಯಾರ್ಕ್ ರಾಜ್ಯದ ಸಂವಿಧಾನ ಧರ್ಮೋಪದೇಶಕರಿಗೆ ಅಧಿಕಾರಸ್ಥಾನಗಳನ್ನು ನಿಷೇಧಿಸಿತು. ಇಂಥ ನಿಷೇಧ ಹಲವು ರಾಜ್ಯಗಳಲ್ಲಿತ್ತು; ಟೆನೆಸಿಯಲ್ಲಿ ಅದು 1978ರವರೆಗೆ ಉಳಿದಿದ್ದು, ಪಾಲ್ ಮೆಕ್‌ಡೇನಿಯಲ್ ಎಂಬ ಬ್ಯಾಪ್ಟಿಸ್ಟ್ ಸಭಾಪಾಲಕರ ಮೊಕದ್ದಮೆಯಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಅದನ್ನು ತೆಗೆದುಹಾಕಿತು. ಇನ್ನೊಂದು ಕಡೆ, ಕ್ರೈಸ್ತ ಬೋಧಕರ ಸಂಬಳಕ್ಕಾಗಿ ಪ್ರಜೆಗಳಿಂದ ತೆರಿಗೆ ಎತ್ತಬೇಕೆಂಬ ಮಸೂದೆ ವರ್ಜೀನಿಯದಲ್ಲಿ ಬಂದಾಗ, 1785ರಲ್ಲಿ ಜೇಮ್ಸ್ ಮ್ಯಾಡಿಸನ್ ಅದನ್ನು ಪ್ರತಿಭಟಿಸಿ ಒಂದು ಮನವಿ ಬರೆದರು. ಧರ್ಮದ ಹೆಸರಿನಲ್ಲಿ ಮೂರು ಕಾಸು ಕೊಡೆಂದು ಬಲಾತ್ಕರಿಸುವ ಸರ್ಕಾರ ನಾಳೆ ತನ್ನ ಧರ್ಮವನ್ನೇ ಒಪ್ಪಿಕೊಳ್ಳೆಂದು ಬಲಾತ್ಕರಿಸೀತು ಎಂಬುದು ಅವರ ವಾದದ ಸಾರ. ಮಸೂದೆ ಬಿದ್ದುಹೋಯಿತು, ಮರುವರ್ಷ ಜೆಫರ್ಸನ್ ರಚಿಸಿದ್ದ ಧರ್ಮಸ್ವಾತಂತ್ರ್ಯದ ಶಾಸನ ಅಂಗೀಕೃತವಾಯಿತು. ಬೋಧಕರನ್ನು ತೆರಿಗೆಯ ಹಣದಿಂದ ಸಾಕುವ ಪದ್ಧತಿಯನ್ನು ಕಟ್ಟಕಡೆಗೆ ಬಿಟ್ಟ ರಾಜ್ಯ ಮ್ಯಾಸಚೂಸೆಟ್ಸ್, ಅದು 1833ರಲ್ಲಿ.

ಈ ನಡುವೆ 1800ರ ಅಧ್ಯಕ್ಷ ಚುನಾವಣೆ ಬಂದಿತು. ಜೆಫರ್ಸನ್ ದೇವರನ್ನು ನಂಬದವನು, ಅವನು ಗೆದ್ದರೆ ಧರ್ಮ ಉಳಿಯದು ಎಂದು ನ್ಯೂ ಇಂಗ್ಲೆಂಡ್ ಮತ್ತು ನ್ಯೂಯಾರ್ಕಿನ ಹಲವು ಪಾದ್ರಿಗಳು ಪೀಠದಿಂದಲೂ ಕರಪತ್ರಗಳಿಂದಲೂ ಸಾರಿದರು. ಜೆಫರ್ಸನ್ ಗೆದ್ದರು; ಧರ್ಮವೂ ಉಳಿಯಿತು. ಮೇಹ್ಯೂ ಅವರ 1750ರ ಪ್ರಸಂಗವನ್ನು ಇಂದಿಗೂ ಇತಿಹಾಸದ ವಿದ್ಯಾರ್ಥಿಗಳು ಗೌರವದಿಂದ ಓದುತ್ತಾರೆ. 1800ರ ಆ ಪ್ರಸಂಗಗಳನ್ನು ಓದುವವರು ಅವುಗಳಲ್ಲಿ ನೋಡುವುದು ಒಂದು ಕಾಲದ ಕಕ್ಷಿದ್ವೇಷವನ್ನು. ಮೇಹ್ಯೂ ಒಂದು ತತ್ತ್ವವನ್ನು ಎತ್ತಿಹಿಡಿದಿದ್ದರು. ಇವರು ಒಬ್ಬ ಅಭ್ಯರ್ಥಿಯನ್ನು ಹಿಡಿದು ಎಳೆದಾಡಿದರು. ಈ ಭೇದವನ್ನು ಶ್ರೋತೃಗಳು ನೆನಪಿನಲ್ಲಿಡಬೇಕೆಂದು ಕೋರುತ್ತೇನೆ. ಮುಂದೆ ಅದರ ಪ್ರಯೋಜನವಿದೆ. 1854ರಲ್ಲಿ ಗುಲಾಮಗಿರಿಯ ವಿಸ್ತರಣೆಗೆ ದಾರಿ ತೆರೆಯುತ್ತಿದ್ದ ಕಾನ್ಸಾಸ್–ನೆಬ್ರಾಸ್ಕ ಮಸೂದೆಯ ವಿರುದ್ಧ ನ್ಯೂ ಇಂಗ್ಲೆಂಡಿನ 3,050 ಮಂದಿ ಧರ್ಮೋಪದೇಶಕರು ಸಹಿ ಮಾಡಿ ಸೆನೆಟ್ಟಿಗೆ ಮನವಿ ಕಳಿಸಿದಾಗ, ಮಸೂದೆಯ ಕರ್ತೃ ಸ್ಟೀಫನ್ ಡಗ್ಲಸ್ ಕೆಂಡಾಮಂಡಲವಾದರು. ಆ ಮನವಿ ಯಾವ ಅಭ್ಯರ್ಥಿಗೂ ಮತ ಕೇಳಿದ್ದಲ್ಲ. ಒಂದು ಅನ್ಯಾಯವನ್ನು ಅನ್ಯಾಯವೆಂದು ಹೇಳಿತ್ತು, ಅಷ್ಟೆ.

ಇನ್ನು ತೆರಿಗೆಯ ಕಡೆಗೆ ಬರೋಣ. ಚರ್ಚಿನ ಕಟ್ಟಡಕ್ಕೂ ನೆಲಕ್ಕೂ ತೆರಿಗೆ ಹಾಕದಿರುವುದು ವಸಾಹತುಗಳ ಕಾಲದಿಂದ ನಡೆದುಬಂದ ರೂಢಿ. ಇದನ್ನು ಮೊದಲಿಗೆ ರಾಷ್ಟ್ರದ ಮಟ್ಟದಲ್ಲಿ ಪ್ರಶ್ನಿಸಿದವರು ಅಂತರ್ಯುದ್ಧದ ಸೇನಾನಿಯಾಗಿದ್ದ ಅಧ್ಯಕ್ಷ ಗ್ರಾಂಟ್. 1875ರ ಡಿಸೆಂಬರಿನಲ್ಲಿ ಕಾಂಗ್ರೆಸ್ಸಿಗೆ ಕಳಿಸಿದ ಸಂದೇಶದಲ್ಲಿ ಅವರು ಲೆಕ್ಕವನ್ನೇ ಮುಂದಿಟ್ಟರು: ತೆರಿಗೆಯಿಲ್ಲದ ಚರ್ಚಿನ ಆಸ್ತಿ 1850ರಲ್ಲಿ ಸುಮಾರು 8 ಕೋಟಿ 30 ಲಕ್ಷ ಡಾಲರಿನಷ್ಟಿತ್ತು, ತಮ್ಮ ಕಾಲಕ್ಕೆ ಅದು ಸುಮಾರು 100 ಕೋಟಿಗೆ ಏರಿದೆ, ಹೀಗೆಯೇ ಬಿಟ್ಟರೆ 1900ರ ವೇಳೆಗೆ 300 ಕೋಟಿಯನ್ನು ಮೀರೀತು. ಸ್ಮಶಾನಭೂಮಿಯನ್ನೂ, ಮಿತಿಗೊಳಪಟ್ಟು ಚರ್ಚಿನ ಕಟ್ಟಡವನ್ನೂ ಬಿಟ್ಟು ಉಳಿದೆಲ್ಲ ಆಸ್ತಿಗೆ ಸಮನಾದ ತೆರಿಗೆ ಇರಲಿ ಎಂಬುದು ಅವರ ಸಲಹೆ. ಕಾಂಗ್ರೆಸ್ಸು ಅದನ್ನು ಕೈಗೆತ್ತಿಕೊಳ್ಳಲಿಲ್ಲ. ಮುಂದೆ 1894ರ ವರಮಾನ ತೆರಿಗೆಯ ಕಾನೂನು ಧರ್ಮಸಂಸ್ಥೆಗಳನ್ನು ಹೊರಗಿಟ್ಟಿತು. ಆ ಕಾನೂನು ಮರುವರ್ಷವೇ ನ್ಯಾಯಾಲಯದಲ್ಲಿ ಬಿದ್ದುಹೋದರೂ, ಸಂವಿಧಾನವನ್ನು ತಿದ್ದಿದ ಮೇಲೆ ಬಂದ 1913ರ ಕಾನೂನು ಅದೇ ವಿನಾಯಿತಿಯನ್ನು ಉಳಿಸಿಕೊಂಡಿತು. ದಾನಿಗೆ ಸಿಗುವ ರಿಯಾಯಿತಿ 1917ರಲ್ಲಿ ಸೇರಿತು. ಈ ಯಾವ ಘಟ್ಟದಲ್ಲಿಯೂ ಅಭ್ಯರ್ಥಿಯ ಹೆಸರೆತ್ತಬಾರದೆಂಬ ಕಟ್ಟಿರಲಿಲ್ಲ.

ಕಟ್ಟು ಬಂದ ಬಗೆ ವಿಚಿತ್ರವಾದದ್ದು. ಮಹತ್ತ್ವದ ಕಾನೂನೊಂದರ ಹಿಂದೆ ದೊಡ್ಡ ಚರ್ಚೆ, ಸಮಿತಿ, ವರದಿ ಇರಬೇಕೆಂದು ನಾವು ನಿರೀಕ್ಷಿಸುತ್ತೇವೆ. ಇಲ್ಲಿ ಅವಾವುವೂ ಇರಲಿಲ್ಲ. 1954ರ ಜುಲೈ 2ರಂದು, ತೆರಿಗೆಯ ಸಂಹಿತೆಯನ್ನು ಸಮಗ್ರವಾಗಿ ಪರಿಷ್ಕರಿಸುವ ಮಸೂದೆ ಸೆನೆಟ್ಟಿನಲ್ಲಿದ್ದಾಗ, ಟೆಕ್ಸಾಸಿನ ಸೆನೆಟರ್ ಲಿಂಡನ್ ಜಾನ್ಸನ್ ಎದ್ದುನಿಂತು ಒಂದು ಸಣ್ಣ ತಿದ್ದುಪಡಿಯನ್ನು ಮಂಡಿಸಿದರು. ಎದುರು ಪಕ್ಷದವರಾಗಿದ್ದ ಹಣಕಾಸು ಸಮಿತಿಯ ಅಧ್ಯಕ್ಷ ಮಿಲಿಕಿನ್ ಒಪ್ಪಿಕೊಂಡರು. ಚರ್ಚೆಯಿಲ್ಲದೆ ತಿದ್ದುಪಡಿ ಅಂಗೀಕಾರವಾಯಿತು. ಆಗಸ್ಟ್ 16ರಂದು ಅಧ್ಯಕ್ಷ ಐಸೆನ್‌ಹೋವರ್ ಸಹಿ ಹಾಕಿದ ಸಂಹಿತೆಯಲ್ಲಿ ಅದೂ ಸೇರಿಹೋಯಿತು.

ಜಾನ್ಸನ್ನರ ಮನಸ್ಸಿನಲ್ಲಿದ್ದುದೇನು? ಆ ವರ್ಷ ಅವರಿಗೆ ಮರುಚುನಾವಣೆ. 1948ರಲ್ಲಿ ತಮ್ಮ ಪಕ್ಷದ ಉಮೇದುವಾರಿಕೆಯನ್ನು ಕೇವಲ 87 ಮತಗಳ ಅಂತರದಿಂದ ಗೆದ್ದಿದ್ದವರು ಅವರು. ಅಂಥವರಿಗೆ ಅಲ್ಪವೈರಿಯೂ ಅಲ್ಪನಲ್ಲ. ಡಡ್ಲಿ ಡೌಘರ್ಟಿ ಎಂಬ ಸಿರಿವಂತ ಯುವಶಾಸಕ ಪಕ್ಷದೊಳಗೆ ಅವರಿಗೆ ಎದುರು ನಿಂತಿದ್ದರು. ಡಲ್ಲಾಸಿನ ಎಣ್ಣೆಯ ಕುಬೇರ ಎಚ್. ಎಲ್. ಹಂಟ್ ಹಣ ಕೊಟ್ಟು ನಡೆಸುತ್ತಿದ್ದ ‘ಫ್ಯಾಕ್ಟ್ಸ್ ಫೋರಮ್’ ಎಂಬ ಸಂಸ್ಥೆ ರೇಡಿಯೋ ಕಾರ್ಯಕ್ರಮಗಳ ಮೂಲಕವೂ, ನ್ಯೂಯಾರ್ಕಿನ ಇನ್ನೊಂದು ಸಂಸ್ಥೆ ಅಂಚೆಯ ಮೂಲಕವೂ ಜಾನ್ಸನ್ನರಿಗೆ ಹಿತವಲ್ಲದ ಪ್ರಚಾರವನ್ನು ಹರಡುತ್ತಿದ್ದುವು. ಇವೆರಡೂ ‘ವಿದ್ಯಾಪ್ರಸಾರ’ದ ಹೆಸರಿನಲ್ಲಿ ತೆರಿಗೆಯ ವಿನಾಯಿತಿ ಪಡೆದಿದ್ದುವು. ಜಾನ್ಸನ್ ಹೊಡೆಯಹೊರಟದ್ದು ಈ ಸಂಸ್ಥೆಗಳನ್ನು. ಅವರು ಪಾದ್ರಿಗಳನ್ನು ಉದ್ದೇಶಿಸಿದ್ದರೆಂಬುದಕ್ಕೆ ಆಧಾರ ಕಾಣುವುದಿಲ್ಲ. ಆದರೆ ವಿದ್ಯಾಸಂಸ್ಥೆ, ದತ್ತಿ, ಚರ್ಚು ಎಲ್ಲವೂ ಒಂದೇ ಬಾಬಿನೊಳಗೆ ಇದ್ದುದರಿಂದ ಬೀಸಿದ ಬಲೆಯಲ್ಲಿ ಚರ್ಚೂ ಸಿಕ್ಕಿತು. ಆ ಜುಲೈ ತಿಂಗಳಲ್ಲಿಯೇ ನಡೆದ ಪಕ್ಷದ ಚುನಾವಣೆಯಲ್ಲಿ ಜಾನ್ಸನ್ ನಿರಾಯಾಸವಾಗಿ ಗೆದ್ದರು. ಅವರ ಭಯ ಅಲ್ಲಿಗೆ ಮುಗಿಯಿತು. ಅವರ ವಾಕ್ಯ ಮಾತ್ರ ಅವರ ಆಯುಷ್ಯವನ್ನೂ ಮೀರಿ ಬಾಳಿತು.

ಈ ಕಟ್ಟು ಎಷ್ಟನ್ನು ನಿಷೇಧಿಸುತ್ತದೆ ಎಂಬುದರಲ್ಲಿ ತಪ್ಪುತಿಳಿವಳಿಕೆ ಬಹಳ. ಯುದ್ಧ, ಮದ್ಯ, ಗರ್ಭಪಾತ, ವರ್ಣಭೇದ, ಬಡತನ, ಇವುಗಳಲ್ಲಿ ಯಾವುದನ್ನು ಕುರಿತೂ ಪೀಠದಿಂದ ಮಾತನಾಡಲು ಅಡ್ಡಿಯಿಲ್ಲ. ಕಾನೂನುಗಳನ್ನು ತರಲು ಅಥವಾ ತಡೆಯಲು ಯತ್ನಿಸುವುದಕ್ಕೂ ಅವಕಾಶವುಂಟು. ಅದು ಸಂಸ್ಥೆಯ ಚಟುವಟಿಕೆಯ ಗಣನೀಯ ಭಾಗವನ್ನು ಆಕ್ರಮಿಸಬಾರದೆಂಬ ಮಿತಿ 1934ರಿಂದ ಇದೆ. ಸಭಾಪಾಲಕರು ಸ್ವಂತ ವ್ಯಕ್ತಿಯಾಗಿ ಯಾರನ್ನು ಬೇಕಾದರೂ ಬೆಂಬಲಿಸಬಹುದು. ತಾವೇ ಚುನಾವಣೆಗೆ ನಿಲ್ಲಬಹುದು. ಬ್ಯಾಪ್ಟಿಸ್ಟ್ ಬೋಧಕರಾದ ಜೆಸ್ಸಿ ಜಾಕ್ಸನ್ 1984ರಲ್ಲಿಯೂ 1988ರಲ್ಲಿಯೂ ಅಧ್ಯಕ್ಷ ಪದವಿಯ ಉಮೇದುವಾರಿಕೆಗೆ ಸ್ಪರ್ಧಿಸಿದರು. ಮಾರ್ಟಿನ್ ಲೂಥರ್ ಕಿಂಗ್ ಅವರಿದ್ದ ಅಟ್ಲಾಂಟದ ಎಬೆನೀಜರ್ ಚರ್ಚಿನ ಸಭಾಪಾಲಕ ರಫಾಯೆಲ್ ವಾರ್ನಾಕ್ 2021ರ ಜನವರಿಯಲ್ಲಿ ಸೆನೆಟ್ಟಿಗೆ ಆಯ್ಕೆಯಾದರು. ಸಂಸ್ಥೆಯ ಹೆಸರಿನಲ್ಲಿ, ಸಂಸ್ಥೆಯ ಪೀಠದಿಂದ, ಸಂಸ್ಥೆಯ ಹಣದಿಂದ ಅಭ್ಯರ್ಥಿಯೊಬ್ಬನನ್ನು ಎತ್ತುವುದು ಅಥವಾ ಇಳಿಸುವುದು, ಇದೊಂದೇ ನಿಷಿದ್ಧ.

ಇಷ್ಟೇ ತಾನೆ, ಇದರಲ್ಲಿ ನೋವೇನು ಎಂದು ಕೇಳಬಹುದು. ನೋವಿದೆ. ತೆರಿಗೆ ಹಾಕುವ ಶಕ್ತಿಯಲ್ಲಿ ನಾಶಮಾಡುವ ಶಕ್ತಿಯೂ ಅಡಗಿದೆ ಎಂದು 1819ರಲ್ಲಿಯೇ ಮುಖ್ಯ ನ್ಯಾಯಾಧೀಶ ಮಾರ್ಷಲ್ ಎಚ್ಚರಿಸಿದ್ದರು. ಆ ಶಕ್ತಿ ಧರ್ಮೋಪದೇಶಕನ ಮೇಲೆ ಹೇಗೆ ತಿರುಗಬಹುದೆಂಬುದಕ್ಕೆ ಕಿಂಗ್ ಅವರ ಬಾಳಿನಲ್ಲಿಯೇ ನಿದರ್ಶನವಿದೆ. 1960ರ ಫೆಬ್ರವರಿಯಲ್ಲಿ ಅಲಬಾಮ ರಾಜ್ಯ ಅವರ ಮೇಲೆ 1956 ಮತ್ತು 1958ರ ತೆರಿಗೆಯ ವಿವರಪತ್ರಗಳಲ್ಲಿ ಸುಳ್ಳು ಪ್ರಮಾಣ ಮಾಡಿದರೆಂಬ ಆಪಾದನೆ ಹೊರಿಸಿತು. ಮಾಂಟ್‌ಗೋಮರಿಯ ಬಸ್ಸು ಬಹಿಷ್ಕಾರದ ನಾಯಕನನ್ನು ಬೇರೆ ಬಗೆಯಲ್ಲಿ ಮಣಿಸಲಾಗದವರಿಗೆ ಲೆಕ್ಕಪತ್ರ ಆಯುಧವಾಯಿತು. ಮೇ ತಿಂಗಳಲ್ಲಿ, ಬಿಳಿಯರೇ ತುಂಬಿದ್ದ ಪಂಚಾಯಿತರ ಮಂಡಲಿ ಅವರನ್ನು ನಿರ್ದೋಷಿಯೆಂದು ಬಿಡುಗಡೆ ಮಾಡಿತು. ಇದು ಚರ್ಚಿನ ವಿನಾಯಿತಿಯ ಮೊಕದ್ದಮೆಯಲ್ಲ, ನಿಜ. ಆದರೂ ತೆರಿಗೆಯ ಅಧಿಕಾರಿಯ ಕೈಗೆ ಪ್ರಸಂಗವನ್ನು ಒಪ್ಪಿಸುವ ಮುನ್ನ ಈ ಘಟನೆಯನ್ನು ನೆನೆಯದೆ ಇರಲಾಗದು.

ಅದೇ ವರ್ಷದ ಚುನಾವಣೆಯಲ್ಲಿ ಈ ಪ್ರಶ್ನೆಯ ಇನ್ನೊಂದು ಮುಖವೂ ಕಾಣಿಸಿತು. ರೋಮನ್ ಕ್ಯಾಥೊಲಿಕರಾದ ಕೆನಡಿ ಅಧ್ಯಕ್ಷರಾದರೆ ಪೋಪರ ಅಪ್ಪಣೆ ನಡೆದೀತೆಂದು ಪ್ರಾಟೆಸ್ಟೆಂಟ್ ಪೀಠಗಳಲ್ಲಿ ಕೋಲಾಹಲವೆದ್ದಿತ್ತು. ಸೆಪ್ಟೆಂಬರ್ 12ರಂದು ಹ್ಯೂಸ್ಟನ್ನಿನಲ್ಲಿ ಸೇರಿದ್ದ ಸಭಾಪಾಲಕರ ಮುಂದೆಯೇ ನಿಂತು, ಯಾವ ಬಿಷಪ್ಪರೂ ಅಧ್ಯಕ್ಷನಿಗೆ ಆಜ್ಞೆ ಮಾಡದ, ಯಾವ ಸಭಾಪಾಲಕರೂ ತಮ್ಮ ಸಭೆಗೆ ಯಾರಿಗೆ ಮತ ಕೊಡಬೇಕೆಂದು ಹೇಳದ ದೇಶ ತಮ್ಮ ಆದರ್ಶವೆಂದು ಕೆನಡಿ ನುಡಿದರು. ಅವರ ಜೊತೆಗೆ ಉಪಾಧ್ಯಕ್ಷ ಸ್ಥಾನಕ್ಕೆ ನಿಂತಿದ್ದವರು ಇದೇ ಜಾನ್ಸನ್. ಆ ಶರತ್ಕಾಲದಲ್ಲಿ ಕಿಂಗ್ ಅವರು ಸೆರೆಯಲ್ಲಿದ್ದಾಗ ಕೆನಡಿ ಅವರ ಪತ್ನಿಗೆ ದೂರವಾಣಿ ಮಾಡಿ ಸಮಾಧಾನ ಹೇಳಿದರು. ಹಿರಿಯ ಕಿಂಗ್, ಅವರೂ ಸಭಾಪಾಲಕರೇ, ಬಹಿರಂಗವಾಗಿ ಕೆನಡಿಯವರ ಪರವಾಗಿ ನಿಂತರು. ಮಗ ಕೃತಜ್ಞತೆಯನ್ನು ಹೇಳಿದರೂ ಅಧಿಕೃತವಾಗಿ ಯಾರನ್ನೂ ಅನುಮೋದಿಸಲಿಲ್ಲ. ನಾಲ್ಕು ವರ್ಷಗಳ ಮೇಲೆ, 1964ರಲ್ಲಿ, ನಾಗರಿಕ ಹಕ್ಕುಗಳ ಕಾನೂನನ್ನು ವಿರೋಧಿಸಿದ ಗೋಲ್ಡ್‌ವಾಟರ್ ವಿರುದ್ಧ ಅವರೇ ಮಾತನಾಡಬೇಕಾಯಿತು. ತತ್ತ್ವಕ್ಕೂ ಅಭ್ಯರ್ಥಿಗೂ ನಡುವಣ ಗೆರೆ ಕಾಗದದ ಮೇಲೆ ನೇರವಾಗಿರುತ್ತದೆ; ಬಾಳಿನಲ್ಲಿ ಅದನ್ನು ಕಾಯುವುದು ಕಿಂಗ್ ಅವರಂಥವರಿಗೂ ಸುಲಭವಾಗಿರಲಿಲ್ಲ.

ವಿನಾಯಿತಿ ಎಂಬುದು ಸರ್ಕಾರದ ಕೊಡುಗೆಯೋ ಅಥವಾ ಧರ್ಮದ ಹಕ್ಕೋ? ಈ ಪ್ರಶ್ನೆ ಎರಡು ಸಲ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿತು. ಚರ್ಚುಗಳಿಗೆ ಆಸ್ತಿತೆರಿಗೆ ಬಿಟ್ಟರೆ ಆ ಭಾರ ತನ್ನ ಮೇಲೆ ಬೀಳುತ್ತದೆಂದು ನ್ಯೂಯಾರ್ಕಿನ ಫ್ರೆಡರಿಕ್ ವಾಲ್ಜ್ ಎಂಬವರು ತಂದ ಮೊಕದ್ದಮೆಯಲ್ಲಿ, 1970ರಲ್ಲಿ, ನ್ಯಾಯಾಲಯ ವಿನಾಯಿತಿಯನ್ನು ಎತ್ತಿಹಿಡಿಯಿತು. ತೆರಿಗೆ ಹಾಕಹೊರಟರೆ ಬೆಲೆ ಕಟ್ಟುವುದು, ಬಾಕಿಗೆ ಜಪ್ತಿ ಮಾಡುವುದು ಮೊದಲಾದವುಗಳಿಂದ ಸರ್ಕಾರವೂ ಧರ್ಮವೂ ಇನ್ನಷ್ಟು ಹೆಣೆದುಕೊಂಡಾವು, ಬಿಟ್ಟರೆ ದೂರವಿದ್ದಾವು ಎಂಬುದು ಅದರ ತರ್ಕ. ಭಿನ್ನಮತ ಬರೆದವರು ನ್ಯಾಯಮೂರ್ತಿ ಡಗ್ಲಸ್ ಒಬ್ಬರೇ. 1983ರಲ್ಲಿ ಬಾಬ್ ಜೋನ್ಸ್ ವಿಶ್ವವಿದ್ಯಾಲಯದ ಮೊಕದ್ದಮೆ ಬಂದಿತು. ವರ್ಣಾಂತರ ಸ್ನೇಹವಿವಾಹಗಳನ್ನು ಧರ್ಮದ ಹೆಸರಿನಲ್ಲಿ ನಿಷೇಧಿಸಿದ್ದ ಆ ಸಂಸ್ಥೆಯ ವಿನಾಯಿತಿಯನ್ನು ಕಿತ್ತುಕೊಂಡದ್ದು ಸರಿಯೆಂದು ನ್ಯಾಯಾಲಯ ಹೇಳಿತು. ಸಾರ್ವಜನಿಕರ ಹೆಗಲ ಮೇಲೆ ನಿಂತ ಸಂಸ್ಥೆ ಸಾರ್ವಜನಿಕ ನೀತಿಯ ಬುಡಕ್ಕೆ ಕೊಡಲಿ ಹಾಕಕೂಡದು ಎಂಬುದು ಆ ತೀರ್ಪಿನ ಅಭಿಪ್ರಾಯ. ಮೊದಲನೆಯ ತೀರ್ಪು ದೂರವಿರು ಎಂದು ಸರ್ಕಾರಕ್ಕೆ ಹೇಳಿತು. ಎರಡನೆಯದು ಪೂರ್ತಿ ದೂರವಿರಲಾಗದೆಂದು ತೋರಿಸಿತು.

ಹಾಗಾದರೆ 1954ರ ಕಟ್ಟನ್ನು ಮೀರಿದ ಚರ್ಚುಗಳಿಗೆ ಏನಾಯಿತು? ಎರಡು ಪ್ರಕರಣಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡುವುದು ಒಳ್ಳೆಯದು. ನ್ಯೂಯಾರ್ಕ್ ರಾಜ್ಯದ ಬಿಂಗ್‌ಹ್ಯಾಮ್‌ಟನ್ ಹತ್ತಿರದ ಪಿಯರ್ಸ್ ಕ್ರೀಕ್ ಚರ್ಚು 1992ರ ಅಕ್ಟೋಬರ್ 30ರಂದು, ಮತದಾನಕ್ಕೆ ನಾಲ್ಕು ದಿನ ಮುಂಚೆ, ದೇಶವೆಲ್ಲ ಓದುವ ಪತ್ರಿಕೆಯೂ ಸೇರಿದಂತೆ ಎರಡು ದಿನಪತ್ರಿಕೆಗಳಲ್ಲಿ ಪೂರ್ಣಪುಟದ ಜಾಹೀರಾತು ಕೊಟ್ಟಿತು. ಕ್ಲಿಂಟನ್ನರಿಗೆ ಮತ ಕೊಡುವುದು ಕ್ರೈಸ್ತಧರ್ಮಕ್ಕೆ ವಿರೋಧವೆಂಬುದು ಅದರ ತಾತ್ಪರ್ಯ. ಅಡಿಯಲ್ಲಿ, ಈ ಜಾಹೀರಾತಿನ ವೆಚ್ಚಕ್ಕೆ ದಾನ ಕಳಿಸಿರಿ, ದಾನಕ್ಕೆ ತೆರಿಗೆಯ ರಿಯಾಯಿತಿಯುಂಟು ಎಂಬ ಸೂಚನೆಯೂ ಇತ್ತು. 1995ರಲ್ಲಿ ತೆರಿಗೆಯ ಇಲಾಖೆ ಅದರ ವಿನಾಯಿತಿಯನ್ನು ರದ್ದುಪಡಿಸಿತು. 2000ದಲ್ಲಿ ಮೇಲ್ಮನವಿಯ ನ್ಯಾಯಾಲಯ ಅದನ್ನು ಸ್ಥಿರಪಡಿಸಿತು.

ಇನ್ನೊಂದು ಕ್ಯಾಲಿಫೋರ್ನಿಯದ ಪ್ಯಾಸಡೀನದ ಆಲ್ ಸೇಂಟ್ಸ್ ಚರ್ಚು. 2004ರ ಅಕ್ಟೋಬರ್ 31ರ ಭಾನುವಾರ, ಅಲ್ಲಿನ ನಿವೃತ್ತ ಸಭಾಪಾಲಕ ಜಾರ್ಜ್ ರೀಗಸ್, ಬುಷ್ ಮತ್ತು ಕೆರಿಯವರೊಡನೆ ಯೇಸುಸ್ವಾಮಿ ಸಂವಾದಕ್ಕೆ ಕುಳಿತಂತೆ ಕಲ್ಪಿಸಿ ಪ್ರಸಂಗ ಮಾಡಿದರು. ಇರಾಕಿನ ಯುದ್ಧವನ್ನು ಕಟುವಾಗಿ ಟೀಕಿಸಿದರು. ಇಂಥವರಿಗೇ ಮತ ಕೊಡಿರೆಂದು ಹೇಳುವುದಿಲ್ಲವೆಂದೂ ಸೇರಿಸಿದರು. ಮರುವರ್ಷ ತೆರಿಗೆಯ ಇಲಾಖೆಯಿಂದ ವಿಚಾರಣೆಯ ಪತ್ರ ಬಂದಿತು. 2007ರಲ್ಲಿ ಇಲಾಖೆ, ಆ ಪ್ರಸಂಗ ಚುನಾವಣೆಯಲ್ಲಿ ಕೈಹಾಕಿದಂತಾಯಿತೆಂದು ತೀರ್ಮಾನಿಸಿ, ಆದರೆ ಶಿಕ್ಷೆಯನ್ನೇನೂ ವಿಧಿಸದೆ ಕಡತವನ್ನು ಮುಚ್ಚಿತು. ಯುದ್ಧ ಬೇಡವೆಂಬ ಮಾತು ಎಲ್ಲಿಗೆ ಮುಗಿಯಿತು, ಬುಷ್ ಬೇಡವೆಂಬ ಮಾತು ಎಲ್ಲಿಂದ ಮೊದಲಾಯಿತು ಎಂಬುದನ್ನು ಚರ್ಚಿಗೆ ಯಾರೂ ವಿವರಿಸಲಿಲ್ಲ.

ಒಂದು ಬಲಗಡೆಯವರದು, ಇನ್ನೊಂದು ಎಡಗಡೆಯವರದು ಎಂಬುದನ್ನು ಇಲ್ಲಿ ಗಮನಿಸಬೇಕು. 2008ರ ಸೆಪ್ಟೆಂಬರ್ 28ರಂದು 33 ಮಂದಿ ಸಭಾಪಾಲಕರು ‘ಪೀಠಸ್ವಾತಂತ್ರ್ಯದ ಭಾನುವಾರ’ವೆಂದು ಸಾರಿ, ಬೇಕೆಂದೇ ಅಭ್ಯರ್ಥಿಗಳ ಹೆಸರೆತ್ತಿ ಪ್ರಸಂಗ ಮಾಡಿದರು. ಮೊಕದ್ದಮೆ ಹಾಕಲಿ, ನ್ಯಾಯಾಲಯದಲ್ಲಿ ಈ ಕಟ್ಟನ್ನು ಮುರಿಸೋಣ ಎಂಬುದು ಹಂಚಿಕೆ. ಮುಂದಿನ ವರ್ಷಗಳಲ್ಲಿ ಅವರ ಸಂಖ್ಯೆ ಸಾವಿರವನ್ನು ಮೀರಿತು. ಇಲಾಖೆ ಅವರ ವಿನಾಯಿತಿಯ ತಂಟೆಗೆ ಹೋಗಲಿಲ್ಲ. 2017ರ ಫೆಬ್ರವರಿಯಲ್ಲಿ ಅಧ್ಯಕ್ಷ ಟ್ರಂಪ್ ಈ ತಿದ್ದುಪಡಿಯನ್ನು ನಿರ್ನಾಮ ಮಾಡುವೆನೆಂದರು. ಅದನ್ನು ತೆಗೆದುಹಾಕುವ ಶಕ್ತಿ ಕಾಂಗ್ರೆಸ್ಸಿಗೆ ಮಾತ್ರ ಇರುವುದರಿಂದ, ಮೇ ತಿಂಗಳ ಅವರ ಆಜ್ಞೆ ಇಲಾಖೆಗೆ ಸೌಮ್ಯವಾಗಿರೆಂದು ಹೇಳುವುದರಲ್ಲಿ ಮುಗಿಯಿತು. 2025ರ ಜುಲೈ 7ರಂದು, ಧಾರ್ಮಿಕ ಪ್ರಸಾರಕರ ಸಂಘವೂ ಟೆಕ್ಸಾಸಿನ ಎರಡು ಚರ್ಚುಗಳೂ ಹೂಡಿದ್ದ ದಾವೆಯಲ್ಲಿ, ತೆರಿಗೆಯ ಇಲಾಖೆಯೇ ವಾದಿಗಳ ಜೊತೆ ಸೇರಿ ನ್ಯಾಯಾಲಯಕ್ಕೆ ರಾಜಿಯ ಮನವಿ ಸಲ್ಲಿಸಿತು. ಆರಾಧನೆಯ ಸಂದರ್ಭದಲ್ಲಿ, ವಾಡಿಕೆಯ ಮಾರ್ಗದಲ್ಲಿ, ಧರ್ಮದ ದೃಷ್ಟಿಯಿಂದ ಚರ್ಚು ತನ್ನ ಸಭೆಗೆ ಹೇಳುವ ಮಾತು ಚುನಾವಣೆಯಲ್ಲಿ ಕೈಹಾಕಿದಂತಲ್ಲ. ಅದು ಕುಟುಂಬದೊಳಗಿನ ಮಾತುಕತೆಯಿದ್ದಂತೆ ಎಂಬುದು ಆ ಮನವಿಯ ನಿಲುವು. 70 ವರ್ಷ ಹಿಡಿದು ನಿಂತ ಇಲಾಖೆಯೇ ಹಗ್ಗವನ್ನು ಸಡಿಲಬಿಟ್ಟಿತು.

ಕುಟುಂಬದ ಈ ಹೋಲಿಕೆ ಚೆನ್ನಾಗಿದೆ. ಆದರೆ ಇಂದು ಬಾನುಲಿ, ದೂರದರ್ಶನ, ಅಂತರ್ಜಾಲಗಳ ಮೂಲಕ ಒಂದು ಚರ್ಚಿನ ಭಾನುವಾರದ ಪ್ರಸಂಗವನ್ನು ಲಕ್ಷಾಂತರ ಮಂದಿ ಕೇಳುತ್ತಾರೆ. ಈ ಕುಟುಂಬದ ಮನೆಗೆ ಗೋಡೆ ಎಲ್ಲಿದೆ? ಎರಡನೆಯ ಮಾತು ಹಣದ್ದು. ಅಭ್ಯರ್ಥಿಗೆ ಕೊಟ್ಟ ದೇಣಿಗೆಗೆ ಅಲ್ಲಿ ತೆರಿಗೆಯ ರಿಯಾಯಿತಿಯಿಲ್ಲ. ಕೊಟ್ಟವರ ಹೆಸರನ್ನೂ, ನಿರ್ದಿಷ್ಟ ಮೊತ್ತ ಮೀರಿದರೆ, ಬಹಿರಂಗಪಡಿಸಬೇಕು. ಚರ್ಚಿನ ಕಾಣಿಕೆ ತಟ್ಟೆಗೆ ಹಾಕಿದ ಹಣಕ್ಕೆ ರಿಯಾಯಿತಿಯುಂಟು. ಇತರ ದತ್ತಿಗಳಂತೆ ಚರ್ಚುಗಳು ವರ್ಷವರ್ಷವೂ ವರದಿ ಸಲ್ಲಿಸಬೇಕಾದ್ದೂ ಇಲ್ಲ. ಪೀಠ ಪ್ರಚಾರದ ವೇದಿಕೆಯಾದರೆ, ಹೆಸರು ಹೇಳಲೊಲ್ಲದ ಸಿರಿವಂತನ ಹಣ ಯಾವ ತಟ್ಟೆಯನ್ನು ಹುಡುಕಿಕೊಂಡು ಹೋದೀತೆಂದು ಊಹಿಸುವುದು ಕಷ್ಟವಲ್ಲ. ಪಿಯರ್ಸ್ ಕ್ರೀಕ್ ಜಾಹೀರಾತಿನ ಅಡಿಯಲ್ಲಿದ್ದ ಸೂಚನೆ ಆ ದಾರಿಯ ಕೈಮರ.

ನಮ್ಮ ದೇಶ ಇದೇ ಪ್ರಶ್ನೆಯನ್ನು ಬೇರೆ ತುದಿಯಿಂದ ಹಿಡಿಯಿತು. 1951ರ ಪ್ರಜಾಪ್ರಾತಿನಿಧ್ಯ ಕಾಯಿದೆ ಧರ್ಮದ ಹೆಸರಿನಲ್ಲಿ ಮತ ಕೇಳುವುದನ್ನು ಭ್ರಷ್ಟಾಚರಣೆಯೆಂದು ಎಣಿಸಿತು. ಪಂಜಾಬಿನ ಕಷ್ಟದ ದಿನಗಳ ಹಿನ್ನೆಲೆಯಲ್ಲಿ ಬಂದ 1988ರ ಧಾರ್ಮಿಕ ಸಂಸ್ಥೆಗಳ ದುರುಪಯೋಗ ತಡೆಯುವ ಕಾಯಿದೆ ಆಲಯದ ಆವರಣವನ್ನೂ ನಿಧಿಯನ್ನೂ ರಾಜಕೀಯ ಚಟುವಟಿಕೆಗೆ ಬಳಸುವುದನ್ನು ಅಪರಾಧವನ್ನಾಗಿ ಮಾಡಿ ಸೆರೆವಾಸದ ಶಿಕ್ಷೆಯನ್ನಿಟ್ಟಿತು. ಅಮೆರಿಕ ಒಂದು ಸೌಲಭ್ಯವನ್ನು ಹಿಂದೆಗೆದುಕೊಳ್ಳುವೆನೆಂದಿತು. ನಾವು ಸೆರೆಮನೆಯನ್ನು ತೋರಿಸಿದೆವು. ಚುನಾವಣೆ ಬಂದಾಗ ಅಭ್ಯರ್ಥಿಗಳು ಮಠಗಳ ಬಾಗಿಲಲ್ಲಿ ಸಾಲಾಗಿ ನಿಲ್ಲುವುದನ್ನು ಕಂಡ ನಮಗೆ, ಯಾವ ಬಗೆಯ ಕಾನೂನೂ ತಾನೇತಾನಾಗಿ ಸಂಯಮವನ್ನು ಹುಟ್ಟಿಸಲಾರದೆಂಬುದನ್ನು ಹೊಸದಾಗಿ ಹೇಳಬೇಕಾಗಿಲ್ಲ.

ನನ್ನ ಅಭಿಪ್ರಾಯವನ್ನು ಹೇಳಿ ಮುಗಿಸುತ್ತೇನೆ. ಪ್ರಸಂಗದ ಸಾಲುಗಳನ್ನು ತೆರಿಗೆಯ ಅಧಿಕಾರಿ ಗೆರೆ ಎಳೆದು ಓದುವ ದೃಶ್ಯ ನನಗೆ ಒಪ್ಪುವುದಿಲ್ಲ. ಪ್ಯಾಸಡೀನದಲ್ಲಿ ನಡೆದದ್ದು ಆಗಬಾರದಿತ್ತು. ಹಣದ ಮಾತು ಬೇರೆ. ಜಾಹೀರಾತಿಗೂ ಪ್ರಚಾರಕ್ಕೂ ಸುರಿಯುವ ಹಣ ಯಾರದೆಂಬುದನ್ನು ಪ್ರಜೆ ತಿಳಿಯಬೇಕು, ಅದರ ಮೇಲೆ ಪ್ರಜೆಯ ರಿಯಾಯಿತಿ ಇರಕೂಡದು. ಇವೆರಡರ ಆಚೆಗೆ, ಕಾನೂನು ಕೈಬಿಟ್ಟರೂ ಸಭಾಪಾಲಕರು ಕೈಬಿಡಬಾರದ ಒಂದು ಮಿತಿಯಿದೆ. 1954ರ ಕಟ್ಟು ಕುಯುಕ್ತಿಯಿಂದ ಹುಟ್ಟಿದ್ದಿರಬಹುದು. ಆದರೆ ಮತ ಕೇಳಿಕೊಂಡು ಬಂದ ರಾಜಕಾರಣಿಗೆ, ಕ್ಷಮಿಸಿ, ಕಾನೂನು ಬಿಡುವುದಿಲ್ಲ ಎಂದು ಹೇಳಿ ಕಳಿಸಲು ಎಷ್ಟೋ ಪಾದ್ರಿಗಳಿಗೆ ಅದು ನೆಪವಾಗಿ ಒದಗಿತ್ತು. ಆ ನೆಪ ಹೋದ ಮೇಲೆ ಇಲ್ಲವೆನ್ನುವ ಧೈರ್ಯವನ್ನು ಅವರು ತಮ್ಮೊಳಗಿನಿಂದಲೇ ತೆಗೆಯಬೇಕಾಗುತ್ತದೆ. ಭಾನುವಾರ ಒಂದೇ ಬೆಂಚಿನಲ್ಲಿ ಕುಳಿತವರು ಮಂಗಳವಾರ ಬೇರೆ ಬೇರೆ ಅಭ್ಯರ್ಥಿಗಳಿಗೆ ಮತ ಕೊಡುವವರು. ಅವರಲ್ಲೊಬ್ಬ ಮಗನನ್ನು ಕಳೆದುಕೊಂಡವನಿರಬಹುದು, ಕೆಲಸ ಕಳೆದುಕೊಂಡವನಿರಬಹುದು. ಸಾಂತ್ವನದ ಒಂದು ಮಾತಿಗಾಗಿ ಬಂದವನು. ಪೀಠದಿಂದ ಅಭ್ಯರ್ಥಿಯ ಹೆಸರು ಕೇಳಿಬಂದ ದಿನ ಅವನಿಗೆ ತಾನು ತಪ್ಪಿದ ಮನೆಗೆ ಬಂದಿದ್ದೇನೆ ಎನಿಸಿದರೆ, ಆ ಚರ್ಚಿನ ತೆರಿಗೆಯ ವಿನಾಯಿತಿ ಉಳಿದಿದೆಯೋ ಹೋಗಿದೆಯೋ ಎಂಬುದು ಅವನಿಗೆ ಸಂಬಂಧಿಸಿದ ಸಂಗತಿಯಲ್ಲ. ಅವನು ಮುಂದಿನ ಭಾನುವಾರ ಬರುವುದಿಲ್ಲ.